ಶ್ರುತಿ ಕೆಡದ ನಿಧಾನ

ಧ್ವನಿಮುದ್ರಿಕೆಯ ವೇಗ ಇಳಿಸಿದರೆ ಅದರ ಶ್ರುತಿಯೂ ಇಳಿಯುತ್ತದೆ. ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದ ಎಲ್‌ಪಿ ರೆಕಾರ್ಡನ್ನು 16⅔ ಸುತ್ತಿಗೆ ಇಟ್ಟರೆ ಹಾಡು ಎರಡು ಪಟ್ಟು ಉದ್ದವಾಗುತ್ತದೆ, ಅದರೊಂದಿಗೇ ಮಧ್ಯಸ್ಥಾಯಿಯ ಷಡ್ಜ ಮಂದ್ರಸ್ಥಾಯಿಗೆ ಜಾರುತ್ತದೆ. ರೆಕಾರ್ಡಿನ ಗೀರಿನಲ್ಲಿ ಕಾಲಕ್ಕೊಂದು ಜಾಗ, ಸ್ವರಕ್ಕೊಂದು ಜಾಗ ಎಂದು ಬೇರೆ ಬೇರೆ ಇರುವುದಿಲ್ಲ. ಸೆಕೆಂಡಿಗೆ 440 ಕಂಪನಗಳ ಸ್ವರವೆಂದರೆ ಒಂದು ಸೆಕೆಂಡಿನಲ್ಲಿ ಮುಳ್ಳಿನ ಕೆಳಗೆ ಹಾದುಹೋಗುವ 440 ಅಂಕುಡೊಂಕು. ಅವು ಹಾದುಹೋಗಲು ಎರಡು ಸೆಕೆಂಡು ಹಿಡಿದರೆ ಕಿವಿಗೆ ತಲುಪುವುದು 220 ಕಂಪನಗಳ ಸ್ವರ. ವೇಗವನ್ನು ಕೇವಲ ಶೇ 6ರಷ್ಟು ತಗ್ಗಿಸಿದರೂ ಹಾಡು ಒಂದು ಸ್ವರಸ್ಥಾನ ಕೆಳಗಿಳಿಯುತ್ತದೆ. ಕೆಡುವುದು ಶ್ರುತಿ ಒಂದೇ ಅಲ್ಲ. ಗಂಟಲು ಮತ್ತು ಬಾಯಿಯ ಆಕಾರದಿಂದ ಹುಟ್ಟುವ ಅನುರಣನಗಳೂ ಅದೇ ಲೆಕ್ಕದಲ್ಲಿ ಕೆಳಗಿಳಿಯುವುದರಿಂದ ಹಾಡಿದವರ ಗುರುತೇ ಹತ್ತದಷ್ಟು ಧ್ವನಿ ದಪ್ಪವಾಗುತ್ತದೆ, ಅಕ್ಷರಗಳು ಕಲಸಿಹೋಗುತ್ತವೆ.

ಈ ಕಟ್ಟನ್ನು ಬಿಡಿಸುವ ಸಾಫ್ಟ್‌ವೇರ್ ಇಂದು ಪ್ರತಿ ಮೊಬೈಲಿನಲ್ಲೂ ಇದೆ. ಯೂಟ್ಯೂಬಿನಲ್ಲಿ ವೇಗವನ್ನು 0.5ಕ್ಕೆ ಇಳಿಸಿದಾಗಲೂ ಮಾತು ನಿಧಾನವಾಗುತ್ತದೆಯೇ ಹೊರತು ಗಂಡುದನಿ ಗುಹೆಯ ದನಿಯಾಗುವುದಿಲ್ಲ. ಸಂಗೀತ ಕಲಿಯುವವರಿಗೆಂದೇ ಮಾಡಿದ ಸಾಫ್ಟ್‌ವೇರುಗಳು ಇದೇ ಕೆಲಸವನ್ನು ಇನ್ನಷ್ಟು ನಾಜೂಕಾಗಿ ಮಾಡುತ್ತವೆ. ಇದು ಇಷ್ಟು ಸುಲಭಕ್ಕೆ ಸಿಗುವುದರಿಂದಲೇ ಒಳಗೆ ನಡೆಯುವುದೇನು ಎಂಬ ಪ್ರಶ್ನೆ ಹೆಚ್ಚಿನವರಿಗೆ ಏಳುವುದಿಲ್ಲ. ನಾಲ್ಕು ನಿಮಿಷದ ಕೀರ್ತನೆಯನ್ನು ಅರ್ಧ ವೇಗದಲ್ಲಿ ಎಂಟು ನಿಮಿಷ ಕೇಳಿದರೆ, ಅದರಲ್ಲಿ ನಾಲ್ಕು ನಿಮಿಷದಷ್ಟು ಧ್ವನಿ ಮೂಲ ಮುದ್ರಿಕೆಯಲ್ಲಿ ಇರಲೇ ಇಲ್ಲ. ಅದನ್ನು ಸಾಫ್ಟ್‌ವೇರ್ ಹುಟ್ಟಿಸಿರುತ್ತದೆ. ಹೇಗೆ ಹುಟ್ಟಿಸಿತು ಎಂದು ತಿಳಿದವರಿಗೆ ಕೇಳಿಸಿದ್ದರಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂಬುದೂ ತಿಳಿಯುತ್ತದೆ.

ಮುದ್ರಿಕೆಯನ್ನು ನಿಧಾನ ಮಾಡಿ ಕಲಿಯುವ ಅಭ್ಯಾಸ ಕಂಪ್ಯೂಟರಿಗಿಂತ ಹಳೆಯದು. 1940ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆದ ಬೀಬಾಪ್ ಜಾಝ್‌ನಲ್ಲಿ ನಿಮಿಷಕ್ಕೆ 300 ಬೀಟುಗಳ ಗತಿ ಅಪರೂಪವಲ್ಲ. ಬೀಟಿಗೆ ಎರಡು ಸ್ವರದಂತೆ ಲೆಕ್ಕ ಹಾಕಿದರೂ ಸೆಕೆಂಡಿಗೆ ಹತ್ತು ಸ್ವರ. ಚಾರ್ಲಿ ಪಾರ್ಕರನ ಸ್ಯಾಕ್ಸೋಫೋನನ್ನು ಬಿಡಿಸಿ ಬರೆದುಕೊಳ್ಳಬೇಕೆಂದವರು ಎಲ್‌ಪಿಯನ್ನು ಅರ್ಧ ವೇಗಕ್ಕಿಟ್ಟು ಕೇಳಿದರು. ಸ್ಪೂಲ್ ಟೇಪ್ ಬಂದ ಮೇಲೆ ಸೆಕೆಂಡಿಗೆ 7½ ಇಂಚು ಓಡಬೇಕಾದ ಟೇಪನ್ನು 3¾ ಇಂಚಿಗೆ ಇಳಿಸಿ ಗಿಟಾರಿನವರೂ ಇದನ್ನೇ ಮಾಡಿದರು. ಎಲ್ಲರೂ ಸರಿಯಾಗಿ ಅರ್ಧವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಅರ್ಧ ವೇಗದಲ್ಲಿ ಸ್ವರ ಪೂರ್ತಿ ಒಂದು ಸ್ಥಾಯಿ ಇಳಿಯುವುದರಿಂದ ಸ್ವರದ ಹೆಸರಾದರೂ ಬದಲಾಗುವುದಿಲ್ಲ, ಕೈಯಲ್ಲಿರುವ ವಾದ್ಯ ಅದಕ್ಕೆ ಹೊಂದುತ್ತದೆ. ಶೇ 80ರ ವೇಗದಲ್ಲಿ ಮುದ್ರಿಕೆ ಸುಮಾರು ನಾಲ್ಕು ಸ್ವರಸ್ಥಾನ ಕೆಳಗಿಳಿದು, ಯಾವ ಮನೆಗೂ ಸರಿಯಾಗಿ ಕೂರದೆ ತೇಲಾಡುತ್ತದೆ. ತಂಬೂರಿಯ ಮುಂದೆ ಕುಳಿತ ವಿದ್ಯಾರ್ಥಿಗೆ ಅದರಿಂದ ಪ್ರಯೋಜನವಿಲ್ಲ. ಕ್ಯಾಸೆಟ್ಟಿನ ಕಾಲದಲ್ಲಿ ಕಛೇರಿ ಮುದ್ರಿಸಿಕೊಂಡು ಕಲಿತವರಿಗೆ ಸಾಮಾನ್ಯವಾಗಿ ಈ ಅರ್ಧ ವೇಗದ ದಾರಿಯೂ ಇರಲಿಲ್ಲ. ರಿವೈಂಡ್ ಗುಂಡಿ ಒತ್ತಿ, ಅದೇ ಸಂಗತಿಯನ್ನು ಅದೇ ವೇಗದಲ್ಲಿ ಮತ್ತೆ ಮತ್ತೆ ಕೇಳುವುದೊಂದೇ ಉಪಾಯ.

ವೇಗವನ್ನೂ ಶ್ರುತಿಯನ್ನೂ ಬೇರ್ಪಡಿಸುವ ಮೊದಲ ಯಂತ್ರಗಳು ಪೂರ್ತಿ ಯಾಂತ್ರಿಕವಾದವು. ಹಂಗೆರಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಡೆನಿಸ್ ಗೇಬರ್ 1946ರಲ್ಲಿ ಸಂವಹನ ಸಿದ್ಧಾಂತದ ಮೇಲೆ ಬರೆದ ಪ್ರಬಂಧದಲ್ಲಿ, ಧ್ವನಿಯನ್ನು ಚಿಕ್ಕ ಚಿಕ್ಕ ಕಣಗಳಾಗಿ ಕಾಣಬಹುದು, ಪ್ರತಿ ಕಣಕ್ಕೂ ಕಾಲದಲ್ಲೊಂದು ಜಾಗ ಮತ್ತು ಕಂಪನದಲ್ಲೊಂದು ಜಾಗ ಇರುತ್ತದೆ ಎಂದು ತೋರಿಸಿದ. ಸಿನಿಮಾ ಫಿಲ್ಮಿನ ಧ್ವನಿಪಥದ ಮುಂದೆ ಸೀಳುಗಳಿರುವ ಡ್ರಮ್ಮನ್ನು ತಿರುಗಿಸಿ ಇದನ್ನು ಪ್ರಯೋಗಕ್ಕೂ ಇಳಿಸಿದ. ಹಾಲೊಗ್ರಫಿಗಾಗಿ 1971ರಲ್ಲಿ ನೊಬೆಲ್ ಪಡೆದದ್ದು ಇದೇ ಗೇಬರ್. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಗ್ರಾಂಟ್ ಫೇರ್‌ಬ್ಯಾಂಕ್ಸ್ ಮತ್ತು ಸಂಗಡಿಗರು ಟೇಪಿನ ಹೆಡ್ಡುಗಳನ್ನೇ ತಿರುಗುವ ಡ್ರಮ್ಮಿಗೆ ಕೂರಿಸಿದರು. ಟೇಪ್ ನಿಧಾನವಾಗಿ ಸಾಗುವಾಗ ಹೆಡ್ಡು ಅದರ ಎದುರು ದಿಕ್ಕಿಗೆ ತಿರುಗಿದರೆ ಟೇಪಿಗೂ ಹೆಡ್ಡಿಗೂ ನಡುವಿನ ವೇಗ ಮೊದಲಿನಷ್ಟೇ ಉಳಿಯುತ್ತದೆ, ಹಾಗಾಗಿ ಶ್ರುತಿಯೂ ಉಳಿಯುತ್ತದೆ. ಒಂದು ಹೆಡ್ಡು ಟೇಪನ್ನು ಬಿಟ್ಟು ಮುಂದಿನದು ಹಿಡಿಯುವಾಗ ಅದೇ ತುಣುಕು ಎರಡನೇ ಸಲ ಕೇಳುತ್ತದೆ, ಕಾಲ ಉದ್ದವಾಗುವುದು ಅಲ್ಲಿ. ಅವರ ಮುಖ್ಯ ಆಸಕ್ತಿ ಇದ್ದದ್ದು ಮಾತಿನಲ್ಲಿ. ಜರ್ಮನಿಯಲ್ಲಿ ಆಂಟನ್ ಸ್ಪ್ರಿಂಗರ್ ಇದೇ ತತ್ತ್ವದಿಂದ ರೂಪಿಸಿದ ಟೆಂಪೋಫೋನ್ ಸಂಗೀತ ಸ್ಟುಡಿಯೊಗಳನ್ನೂ ತಲುಪಿತು. ಆದರೆ ತುಣುಕು ತುಣುಕಿನ ನಡುವಿನ ಕೀಲು ಕಿವಿಗೆ ಗೊತ್ತಾಗುತ್ತಿತ್ತು. ಅಮೆರಿಕದ ಸಂಗೀತ ರಚನಕಾರ ಸ್ಟೀವ್ ರೈಶ್ 1967ರಲ್ಲಿ, ಧ್ವನಿಯೊಂದನ್ನು ಶ್ರುತಿಯಾಗಲಿ ನಾದಗುಣವಾಗಲಿ ಬದಲಾಗದಂತೆ ಕ್ರಮೇಣ ಹಲವು ಪಟ್ಟು ಹಿಗ್ಗಿಸುವ ಕೃತಿಯನ್ನು ಕಲ್ಪಿಸಿದ. ಆಗಿನ ಯಂತ್ರಗಳಿಗೆ ಅದು ನಿಲುಕದೆ ಕಾಗದದ ಮೇಲೆಯೇ ಉಳಿಯಿತು. ಆ ಕಲ್ಪನೆಯನ್ನು ಅವನು ನಿಜಕ್ಕೂ ಬಳಸಿಕೊಂಡದ್ದು ದಶಕಗಳ ನಂತರ, 2002ರಲ್ಲಿ ಪೂರ್ಣಗೊಂಡ ‘ತ್ರೀ ಟೇಲ್ಸ್’ ಕೃತಿಯಲ್ಲಿ.

ತುಣುಕು ಕತ್ತರಿಸಿ ಜೋಡಿಸುವುದು

ಧ್ವನಿಯನ್ನು ಅಂಕಿಗಳಾಗಿ ಬರೆದಿಡುವ ಪದ್ಧತಿ ಬಂದ ಮೇಲೆ ತಿರುಗುವ ಹೆಡ್ಡಿನ ಕೆಲಸವನ್ನು ಲೆಕ್ಕಾಚಾರ ವಹಿಸಿಕೊಂಡಿತು. ಸಿ.ಡಿ.ಯಲ್ಲಿ ಒಂದು ಸೆಕೆಂಡಿನ ಧ್ವನಿ 44,100 ಅಂಕಿಗಳ ಸಾಲು. ಅದನ್ನು ಸುಮಾರು 80 ಮಿಲಿಸೆಕೆಂಡಿನ ತುಣುಕುಗಳಾಗಿ ಎತ್ತಿಕೊಳ್ಳಲಾಗುತ್ತದೆ. ಪ್ರತಿ ತುಣುಕು ಹಿಂದಿನದಕ್ಕಿಂತ 20 ಮಿಲಿಸೆಕೆಂಡು ಮುಂದೆ ಶುರುವಾಗುತ್ತದೆ, ಅಂದರೆ ಒಂದರೊಳಗೊಂದು ಬಹುಪಾಲು ಸೇರಿಕೊಂಡಿರುತ್ತವೆ. ಅವನ್ನು ಮತ್ತೆ ಜೋಡಿಸುವಾಗ 20ರ ಬದಲು 40 ಮಿಲಿಸೆಕೆಂಡಿಗೊಂದರಂತೆ ಇಟ್ಟರೆ ಹಾಡು ಎರಡು ಪಟ್ಟು ಉದ್ದವಾಗುತ್ತದೆ. ಮನೆಯ ಮಾಡಿಗೆ ಹೆಂಚು ಹೊದಿಸುವುದನ್ನು ನೆನೆದುಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ: ಹೆಂಚುಗಳ ಸಂಖ್ಯೆ ಅಷ್ಟೇ, ಅಳತೆಯೂ ಅಷ್ಟೇ, ಒಂದರ ಮೇಲೊಂದು ಏರಿ ಕೂರುವ ಅಂಚನ್ನು ಕಡಿಮೆ ಮಾಡಿದರೆ ಅದೇ ಹೆಂಚು ಹೆಚ್ಚು ಉದ್ದದ ಮಾಡನ್ನು ಮುಚ್ಚುತ್ತದೆ. ತುಣುಕಿನೊಳಗಿನ ಅಲೆಯನ್ನು ಯಾರೂ ಎಳೆಯದಿರುವುದರಿಂದ ಶ್ರುತಿ ಇದ್ದಲ್ಲೇ ಇರುತ್ತದೆ.

ತೊಂದರೆ ಇರುವುದು ಆ ಅಂಚಿನಲ್ಲೇ. ಒಂದು ತುಣುಕಿನ ಅಲೆ ಏರುತ್ತಿರುವಲ್ಲಿ ಇನ್ನೊಂದರ ಅಲೆ ಇಳಿಯುತ್ತಿದ್ದರೆ ಎರಡೂ ಒಂದನ್ನೊಂದು ಅಳಿಸಿ ದನಿ ನಡುಗುತ್ತದೆ. 1985ರಲ್ಲಿ ರುಕೋಸ್ ಮತ್ತು ವಿಲ್ಗಸ್ ಎಂಬ ಸಂಶೋಧಕರು ಇದಕ್ಕೆ ಸರಳವಾದ ಮದ್ದು ಕೊಟ್ಟರು. ತುಣುಕನ್ನು ಲೆಕ್ಕದ ಜಾಗದಲ್ಲೇ ಇಡಬೇಕೆಂಬ ಹಟ ಬಿಟ್ಟು, ಕೆಲವು ಮಿಲಿಸೆಕೆಂಡು ಆಚೀಚೆ ಸರಿಸಿ, ಎರಡು ಅಲೆಗಳೂ ಅತಿ ಹೆಚ್ಚು ಹೋಲುವಲ್ಲಿ ಕೂಡಿಸಬೇಕು. ಈ ಪದ್ಧತಿಗೆ ಸೋಲಾ ಎಂದು ಹೆಸರು. 1993ರಲ್ಲಿ ಬೆಲ್ಜಿಯಂನ ವೆರ್ಹೆಲ್ಸ್ಟ್ ಮತ್ತು ರೂಲಾಂಡ್ಸ್ ಅದನ್ನು ತಿದ್ದಿ ಡಬ್ಲ್ಯುಸೋಲಾ ಮಾಡಿದರು. ಲೆಕ್ಕ ಕಡಿಮೆ, ಫಲ ಚೆನ್ನು. ಮಾತಿಗೆ, ಒಂಟಿ ಗಾಯನಕ್ಕೆ, ಕೊಳಲು ಪಿಟೀಲುಗಳಂಥ ಒಂಟಿ ವಾದ್ಯಕ್ಕೆ ಇಂದಿಗೂ ಇದಕ್ಕಿಂತ ಹಗುರವಾದ ಉಪಾಯ ಹುಡುಕಬೇಕಿಲ್ಲ.

ಒಂಟಿಯಾಗಿರಬೇಕು ಎನ್ನುವುದೇ ಷರತ್ತು. ಒಂದು ಗಂಟಲಿನ ಅಲೆಗೆ ಒಂದೇ ಆವರ್ತ ಇರುವುದರಿಂದ ಹೋಲುವ ಜಾಗ ಬೇಗ ಸಿಗುತ್ತದೆ. ತಂಬೂರಿ, ಪಿಟೀಲು, ಮೃದಂಗ, ಗಾಯನ ನಾಲ್ಕೂ ಕೂಡಿದ ಕಛೇರಿಯಲ್ಲಿ ಗಾಯಕರಿಗೆ ಹೊಂದುವ ಜಾಗ ತಂಬೂರಿಗೆ ಹೊಂದುವುದಿಲ್ಲ, ತಂಬೂರಿಗೆ ಹೊಂದಿದ್ದು ಪಿಟೀಲಿಗೆ ಹೊಂದುವುದಿಲ್ಲ. ಮೃದಂಗದ್ದಂತೂ ಬೇರೆಯೇ ಸಮಸ್ಯೆ. ಬೆರಳು ಚರ್ಮಕ್ಕೆ ತಾಗಿದ ಕ್ಷಣ ಎರಡು ತುಣುಕುಗಳಲ್ಲಿ ಸೇರಿಕೊಂಡಿದ್ದು, ಆ ತುಣುಕುಗಳನ್ನು ದೂರ ಸರಿಸಿದಾಗ ಒಂದೇ ಪೆಟ್ಟು ಎರಡು ಸಲ ಕೇಳುತ್ತದೆ. ‘ತ’ ಎಂಬಲ್ಲಿ ‘ತತ’ ಎಂದು ಕೇಳಿದ ವಿದ್ಯಾರ್ಥಿ ಹಾಗೆಯೇ ಬರೆದುಕೊಂಡರೆ ಲೆಕ್ಕವೇ ತಪ್ಪುತ್ತದೆ. ಯಕ್ಷಗಾನದ ಚಂಡೆಯ ಮುಕ್ತಾಯವನ್ನು ನಿಧಾನ ಮಾಡಿ ಕೇಳುವವರು ಎಚ್ಚರ ವಹಿಸಬೇಕಾದದ್ದೂ ಇಲ್ಲಿಯೇ.

ಅಲೆಯನ್ನು ಬಿಡಿಸಿ ಮತ್ತೆ ನೇಯುವುದು

ಎರಡನೆಯ ದಾರಿ ತುಣುಕನ್ನು ಹಾಗೇ ಬಳಸುವುದಿಲ್ಲ; ಅದರಲ್ಲಿ ಯಾವ ಯಾವ ಕಂಪನಗಳು ಎಷ್ಟೆಷ್ಟು ಬಲದಲ್ಲಿವೆ ಎಂದು ಬಿಡಿಸಿ ನೋಡುತ್ತದೆ. 1966ರಲ್ಲಿ ಬೆಲ್ ಲ್ಯಾಬ್ಸ್‌ನ ಜೇಮ್ಸ್ ಫ್ಲಾನಗನ್ ಮತ್ತು ರೋಜರ್ ಗೋಲ್ಡನ್ ಇದನ್ನು ಫೇಸ್ ವೊಕೋಡರ್ ಎಂದು ಕರೆದರು. ಅವರ ಎದುರಿಗಿದ್ದದ್ದು ಸಂಗೀತವಲ್ಲ, ಮಾತನ್ನು ಅಡಕವಾಗಿ ಸಾಗಿಸುವ ಸಮಸ್ಯೆ. ಕೂಲಿ ಮತ್ತು ಟೂಕಿ 1965ರಲ್ಲಿ ಪ್ರಕಟಿಸಿದ ಫಾಸ್ಟ್ ಫೂರಿಯೇ ಟ್ರಾನ್ಸ್‌ಫಾರ್ಮ್ ಎಂಬ ಚುರುಕು ಲೆಕ್ಕವನ್ನು ಮೈಕೆಲ್ ಪೋರ್ಟ್‌ನಾಫ್ 1976ರಲ್ಲಿ ಇದಕ್ಕೆ ಅಳವಡಿಸಿದ ಮೇಲೆ ಕಂಪ್ಯೂಟರಿನಲ್ಲಿ ಇದು ನಡೆಯುವ ಮಾತಾಯಿತು. 1986ರಲ್ಲಿ ಮಾರ್ಕ್ ಡಾಲ್ಸನ್ ಬರೆದ ವಿವರಣೆ ಅದನ್ನು ಸಂಗೀತಗಾರರ ಬಳಿಗೆ ತಂದಿತು.

ಕೆಲಸದ ಕ್ರಮ ಹೀಗಿದೆ. ಒಂದು ತುಣುಕಿನಲ್ಲಿರುವ ಪ್ರತಿ ಕಂಪನದ ಬಗ್ಗೆ ಎರಡು ಸಂಗತಿ ಬರೆದುಕೊಳ್ಳಲಾಗುತ್ತದೆ: ಅದರ ಬಲ ಎಷ್ಟು, ಮತ್ತು ಆ ಗಳಿಗೆಯಲ್ಲಿ ಅದು ತನ್ನ ಏರಿಳಿತದ ಯಾವ ಬಿಂದುವಿನಲ್ಲಿದೆ. ಈ ಎರಡನೆಯದಕ್ಕೆ ಫೇಸ್ ಎನ್ನುತ್ತಾರೆ. 10 ಮಿಲಿಸೆಕೆಂಡಿನ ನಂತರದ ತುಣುಕಿನಲ್ಲಿ ಅದೇ ಕಂಪನ ಎಷ್ಟು ಮುಂದೆ ಸಾಗಿದೆ ಎಂದು ನೋಡಿದರೆ ಅದರ ನಿಜವಾದ ವೇಗ ಸಿಗುತ್ತದೆ. ಹೊಸ ಧ್ವನಿಯಲ್ಲಿ ಈ ತುಣುಕುಗಳ ನಡುವೆ 20 ಮಿಲಿಸೆಕೆಂಡಿನ ಅಂತರ ಬೇಕೆಂದರೆ, ಪ್ರತಿ ಕಂಪನವನ್ನೂ ಅಷ್ಟು ಹೊತ್ತಿಗೆ ಅದು ಎಲ್ಲಿರಬೇಕೋ ಅಲ್ಲಿಗೆ ಲೆಕ್ಕ ಹಾಕಿ ಮುಂದೂಡಲಾಗುತ್ತದೆ. ಆಮೇಲೆ ಎಲ್ಲವನ್ನೂ ಕೂಡಿಸಿ ಮತ್ತೆ ಅಲೆಯಾಗಿಸಲಾಗುತ್ತದೆ. ಒಂಟಿ ಗಾಯನವೋ ತುಂಬಿದ ವಾದ್ಯವೃಂದವೋ ಎಂಬ ಭೇದ ಈ ಪದ್ಧತಿಗಿಲ್ಲ, ಪ್ರತಿ ಕಂಪನವೂ ತನ್ನ ಪಾಡಿಗೆ ತಾನು ನಿರಂತರವಾಗಿ ಸಾಗುತ್ತದೆ.

ಆದರೆ ‘ತನ್ನ ಪಾಡಿಗೆ’ ಎಂಬುದರಲ್ಲೇ ದೋಷವೂ ಇದೆ. ನಿಜವಾದ ಸ್ವರವೊಂದರಲ್ಲಿ ಮೂಲ ಕಂಪನವೂ ಅದರ ಮೇಲಿನ ಅಂಶಸ್ವರಗಳೂ ಒಟ್ಟಿಗೆ ಹೆಜ್ಜೆ ಹಾಕುತ್ತಿರುತ್ತವೆ. ಒಂದೊಂದನ್ನೇ ಬೇರೆ ಬೇರೆ ಮುಂದೂಡಿದಾಗ ಆ ಹೆಜ್ಜೆ ತಪ್ಪುತ್ತದೆ. ಆಗ ಹತ್ತಿರದಲ್ಲಿ ಹಾಡುತ್ತಿದ್ದವರು ದೊಡ್ಡ ಹಜಾರದ ಆ ಕೊನೆಗೆ ಹೋದಂತೆ ದನಿ ಮಸುಕಾಗುತ್ತದೆ. 1999ರಲ್ಲಿ ಜ್ಯಾಂ ಲರೋಶ್ ಮತ್ತು ಡಾಲ್ಸನ್, ಪ್ರಬಲವಾದ ಕಂಪನಗಳನ್ನು ಗುರುತಿಸಿ ಅವುಗಳ ಅಕ್ಕಪಕ್ಕದವನ್ನು ಅವಕ್ಕೇ ಕಟ್ಟಿಹಾಕುವ ಉಪಾಯ ತೋರಿಸಿದರು. ಮಸುಕು ಬಹಳಷ್ಟು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಇನ್ನೊಂದು ಮಿತಿ ಯಾವ ಜಾಣತನಕ್ಕೂ ಬಗ್ಗುವುದಿಲ್ಲ. ಗೇಬರ್ 1946ರಲ್ಲೇ ಅದನ್ನು ಗಣಿತದಲ್ಲಿ ಹೇಳಿದ್ದ: ಸ್ವರ ಎಷ್ಟು ಎಂಬುದನ್ನು ಕರಾರುವಾಕ್ಕಾಗಿ ತಿಳಿಯಬೇಕಾದರೆ ಹೆಚ್ಚು ಹೊತ್ತು ಕೇಳಬೇಕು, ಯಾವಾಗ ಎಂಬುದನ್ನು ಕರಾರುವಾಕ್ಕಾಗಿ ತಿಳಿಯಬೇಕಾದರೆ ಕಡಿಮೆ ಹೊತ್ತು ಕೇಳಬೇಕು. 4096 ಅಂಕಿಗಳ ತುಣುಕೆಂದರೆ ಸುಮಾರು 93 ಮಿಲಿಸೆಕೆಂಡು. ಅದು ಕಂಪನಗಳನ್ನು ಸುಮಾರು 10.8 ಹರ್ಟ್ಜ್‌ನ ಮೆಟ್ಟಿಲುಗಳಲ್ಲಿ ಬೇರ್ಪಡಿಸುತ್ತದೆ. ಸುಮಾರು 131 ಹರ್ಟ್ಜ್ ಷಡ್ಜ ಇಟ್ಟುಕೊಂಡ ಗಾಯಕರ ಶುದ್ಧ ರಿಷಭ ಆ ಷಡ್ಜದಿಂದ ಒಂಬತ್ತು ಹರ್ಟ್ಜ್‌ನಷ್ಟು ಮಾತ್ರ ಮೇಲಿದೆ. ತಂಬೂರಿಯ ಷಡ್ಜ ಮೊಳಗುತ್ತಿರುವಾಗಲೇ ಗಾಯಕರು ಆ ರಿಷಭದಲ್ಲಿ ನಿಂತರೆ ಎರಡರ ಮೂಲ ಕಂಪನಗಳೂ ಒಂದೇ ಮೆಟ್ಟಿಲ ಅಳತೆಯೊಳಗೆ ಸಿಕ್ಕಿಕೊಳ್ಳುತ್ತವೆ. ತುಣುಕನ್ನು ಉದ್ದ ಮಾಡಿ ಅವನ್ನು ಬಿಡಿಸೋಣವೆಂದರೆ ಮೃದಂಗ ಅಡ್ಡ ಬರುತ್ತದೆ. ಸೆಕೆಂಡಿಗೆ ಹನ್ನೆರಡು ಪೆಟ್ಟಿನ ನಡೆಯಲ್ಲಿ ಒಂದೊಂದು ಪೆಟ್ಟಿನ ಅಂತರ 83 ಮಿಲಿಸೆಕೆಂಡು. ಅಂದರೆ ಈಗಿನ ತುಣುಕಿನೊಳಗೇ ಎರಡು ಪೆಟ್ಟು ಸಿಕ್ಕಿಕೊಂಡು ಅವುಗಳ ಚೂಪು ಕರಗಿಹೋಗುತ್ತಿದೆ, ಉದ್ದ ಮಾಡಿದರೆ ಇನ್ನೂ ಕೆಡುತ್ತದೆ. ರಾಗವನ್ನು ಉಳಿಸಿದರೆ ತಾಳ ಮಸುಕು, ತಾಳವನ್ನು ಉಳಿಸಿದರೆ ರಾಗ ಒರಟು.

ಇದರಿಂದ ಹೊರಬರಲು ಈಗಿನ ಸಾಫ್ಟ್‌ವೇರುಗಳು ಎರಡೂ ದಾರಿಗಳನ್ನು ಕೂಡಿಸುತ್ತವೆ. ಪೆಟ್ಟು ಬಿದ್ದ ಕ್ಷಣವನ್ನು ಗುರುತಿಸಿ, ಅಷ್ಟನ್ನು ಹಿಗ್ಗಿಸದೆ ಹಾಗೇ ಇಟ್ಟು, ನಂತರದ ನಾದವನ್ನು ಮಾತ್ರ ಎಳೆಯುವುದು ಒಂದು ಕ್ರಮ. ಇದಕ್ಕಿಂತ ಅಚ್ಚುಕಟ್ಟಾದದ್ದು 2014ರಲ್ಲಿ ಡ್ರೀಡ್ಗರ್, ಮ್ಯುಲರ್, ಎವರ್ಟ್ ಎಂಬ ಸಂಶೋಧಕರು ತೋರಿಸಿದ ಕ್ರಮ. ನಿಂತು ಮೊಳಗುವ ನಾದ ಮತ್ತು ತಟ್ಟನೆ ಬಂದು ಹೋಗುವ ಪೆಟ್ಟು ಎಂದು ಮುದ್ರಿಕೆಯನ್ನು ಮೊದಲೇ ಇಬ್ಭಾಗ ಮಾಡಿ, ನಾದದ ಭಾಗಕ್ಕೆ ಉದ್ದ ತುಣುಕಿನ ಫೇಸ್ ವೊಕೋಡರನ್ನೂ ಪೆಟ್ಟಿನ ಭಾಗಕ್ಕೆ ಗಿಡ್ಡ ತುಣುಕಿನ ಜೋಡಣೆಯನ್ನೂ ಬಳಸಿ, ಕೊನೆಗೆ ಎರಡನ್ನೂ ಬೆರೆಸುತ್ತಾರೆ. ಕರ್ನಾಟಕ ಸಂಗೀತದಂತೆ ನಾದವೂ ಲಯವಾದ್ಯವೂ ಸಮಬಲವಾಗಿ ಎದುರು ಬದುರು ನಿಲ್ಲುವ ಸಂಗೀತಕ್ಕೆ ಈ ಕ್ರಮ ಹೆಚ್ಚು ಒಗ್ಗುತ್ತದೆ.

ಕಲಿಯುವವರ ಕೈಯಲ್ಲಿ

ಸ್ವೀಡನ್ನಿನ ರೋನಿ ಮ್ಯೂಸಿಕ್ ತಂದ ‘ಅಮೇಜಿಂಗ್ ಸ್ಲೋ ಡೌನರ್’, ಬ್ರಿಟನ್ನಿನ ಸೆವೆಂತ್ ಸ್ಟ್ರಿಂಗ್ ತಂದ ‘ಟ್ರಾನ್ಸ್‌ಕ್ರೈಬ್’ ಈ ಕ್ಷೇತ್ರದಲ್ಲಿ ಹಳೆಯ ಹೆಸರುಗಳು. ಉಚಿತವಾಗಿ ಸಿಗುವ ಆಡಾಸಿಟಿ ಕಾರ್ನಿಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ರಬ್ಬರ್ ಬ್ಯಾಂಡ್, ಸೌಂಡ್‌ಟಚ್ ಎಂಬ ಮುಕ್ತ ತಂತ್ರಾಂಶ ಸಂಗ್ರಹಗಳು ಇತರ ಹಲವು ಆ್ಯಪುಗಳ ಒಳಗೆ ಕುಳಿತು ಕೆಲಸ ಮಾಡುತ್ತವೆ. ರುಮೇನಿಯಾದ ನಸ್ಕಾ ಒಕ್ಟಾವಿಯನ್ ಪೌಲ್ ಬರೆದ ಪೌಲ್‌ಸ್ಟ್ರೆಚ್ ಕಲಿಕೆಗಲ್ಲ, ಹಾಡನ್ನು ಹತ್ತಾರು ಪಟ್ಟು ಹಿಗ್ಗಿಸಿ ಹೊಸ ನಾದಲೋಕ ಮಾಡುವವರಿಗೆ. ಆ ಬಗೆಯ ಪ್ರಯೋಗದಲ್ಲಿ ನಾರ್ವೆಯ ಕಲಾವಿದ ಲೈಫ್ ಇಂಗೆ 2002ರಲ್ಲಿ ಬೀಥೋವನ್ನನ ಒಂಬತ್ತನೇ ಸಿಂಫನಿಯನ್ನು 24 ಗಂಟೆಗೆ ಹಿಗ್ಗಿಸಿದ್ದು ಪ್ರಸಿದ್ಧ.

ಕಲಿಕೆಗೆ ಮಾಡಿದ ಸಾಫ್ಟ್‌ವೇರಿನಲ್ಲಿ ವೇಗದ ಗುಂಡಿಯಷ್ಟೇ ಬೆಲೆಯುಳ್ಳದ್ದು ಸುತ್ತುವ ಗುಂಡಿ. ಸಂಗತಿಯೊಂದರ ಆರಂಭಕ್ಕೂ ಅಂತ್ಯಕ್ಕೂ ಗುರುತು ಹಾಕಿದರೆ ಅಷ್ಟೇ ಭಾಗ ಮತ್ತೆ ಮತ್ತೆ ಮೊಳಗುತ್ತದೆ. ಮಲ್ಲಿಕಾರ್ಜುನ ಮನ್ಸೂರರ ಜೈಪುರ್–ಅತ್ರೌಲಿ ಘರಾಣೆಯ ಸುತ್ತು ಸುತ್ತಾದ ತಾನುಗಳಾಗಲಿ, ಭೀಮಸೇನ ಜೋಶಿಯವರ ದ್ರುತ್ ತಾನುಗಳಾಗಲಿ, ಹೀಗೆ ಎರಡು ಮೂರು ಸೆಕೆಂಡಿನ ತುಂಡು ಮಾಡಿಕೊಂಡಾಗಲೇ ಹಿಡಿತಕ್ಕೆ ಬರುವುದು. ಮೂರನೆಯ ಸೌಲಭ್ಯ ವೇಗದ ಗುಂಡಿಯ ತಿರುವುಮುರುವು: ವೇಗವನ್ನು ಇದ್ದಂತೆ ಬಿಟ್ಟು ಶ್ರುತಿಯನ್ನು ಮಾತ್ರ ಸರಿಸುವುದು. ಗಾಯಕಿಯ ಮುದ್ರಿಕೆಯನ್ನು ಹುಡುಗನೊಬ್ಬ ತನ್ನ ಶ್ರುತಿಗೆ ತಂದುಕೊಂಡು ಜೊತೆಗೆ ಹಾಡಬಹುದು. ಇಲ್ಲಿ ಗಂಟಲಿನ ಅನುರಣನಗಳನ್ನು ಸರಿಸದೆ ಉಳಿಸುವ ಆಯ್ಕೆ ಇದೆಯೇ ಎಂದು ನೋಡಿಕೊಳ್ಳಬೇಕು, ಇಲ್ಲವಾದರೆ ದನಿ ಕೃತಕವಾಗುತ್ತದೆ.

ಎಷ್ಟು ನಿಧಾನ ಮಾಡಬಹುದು ಎಂಬುದಕ್ಕೆ ಮುದ್ರಿಕೆಯೇ ಉತ್ತರ ಕೊಡುತ್ತದೆ. ಶೇ 75ರವರೆಗೆ ಒಳ್ಳೆಯ ಸಾಫ್ಟ್‌ವೇರಿನ ಕೈವಾಡ ಗೊತ್ತಾಗುವುದು ಕಷ್ಟ. ಅರ್ಧಕ್ಕೆ ಇಳಿಸಿದಾಗ ಗೊತ್ತಾಗುತ್ತದೆ, ಆದರೂ ಕೆಲಸಕ್ಕೆ ಬರುತ್ತದೆ. ಕಾಲು ವೇಗದಲ್ಲಿ ಸ್ವರದ ಕ್ರಮ ತಿಳಿಯಬಹುದೇ ಹೊರತು ನಾದಗುಣವನ್ನು ನಂಬುವಂತಿಲ್ಲ. ಎಂಪಿ3 ಕಡತಗಳಲ್ಲಿ ಸಮಸ್ಯೆ ಇನ್ನೂ ಬೇಗ ಎದುರಾಗುತ್ತದೆ. ಮಾಮೂಲಿ ವೇಗದಲ್ಲಿ ಕಿವಿಗೆ ಬೀಳದು ಎಂಬ ಲೆಕ್ಕದಲ್ಲಿ ಎಂಪಿ3 ಕೆಲವು ಅಂಶಗಳನ್ನು ಎಸೆದಿರುತ್ತದೆ, ಚೂಪಾದ ಪೆಟ್ಟಿಗೆ ಮುಂಚೆ ತೆಳುವಾದ ಸದ್ದಿನ ಮಸಿ ಬಳಿದಿರುತ್ತದೆ. ಹಿಗ್ಗಿಸಿದಾಗ ಅದೆಲ್ಲ ಬಯಲಾಗಿ ನೀರೊಳಗಿನ ದನಿ ಕೇಳುತ್ತದೆ. ಸಿ.ಡಿ.ಯಿಂದ ನೇರವಾಗಿ ತೆಗೆದ ವೇವ್ ಅಥವಾ ಫ್ಲ್ಯಾಕ್ ಕಡತ ಸಿಕ್ಕರೆ ಅದನ್ನೇ ಬಳಸುವುದು ಮೇಲು.

ಹಾಡನ್ನು ಗಾಯನ, ತಾಳವಾದ್ಯ ಎಂದು ಪದರ ಪದರವಾಗಿ ಬಿಡಿಸುವ ಸಾಧನಗಳೂ ಈಗ ಇದರ ಜೊತೆ ಸೇರಿವೆ. ಫ್ರಾನ್ಸಿನ ಡೀಝರ್ ಸಂಸ್ಥೆ 2019ರಲ್ಲಿ ಮುಕ್ತವಾಗಿ ಬಿಟ್ಟ ಸ್ಪ್ಲೀಟರ್ ಗಾಯನ, ಡ್ರಮ್, ಬೇಸ್, ಪಿಯಾನೊ, ಉಳಿದದ್ದು ಎಂದು ಐದು ಪದರ ಮಾಡುತ್ತದೆ. ಈ ವಿಂಗಡಣೆಯೇ ಅದು ಯಾವ ಸಂಗೀತಕ್ಕಾಗಿ ಹುಟ್ಟಿತು ಎಂದು ಹೇಳುತ್ತದೆ. ಗಾಯನವನ್ನೇ ಹೆಜ್ಜೆ ಹೆಜ್ಜೆಗೂ ಅನುಸರಿಸಿ ಅದೇ ಸ್ವರ, ಅದೇ ಗಮಕ ನುಡಿಸುವ ಪಿಟೀಲನ್ನು ಗಾಯನದಿಂದ ಬೇರ್ಪಡಿಸುವುದು ಇಂಥ ಸಾಧನಗಳಿಗೆ ಕಷ್ಟದ ಕೆಲಸ.

ಶ್ರುತಿ ಉಳಿದರೂ ಸ್ವರ ಉಳಿಯುವುದೇ?

ತಾಂತ್ರಿಕ ದೋಷಗಳೆಲ್ಲ ಹೋಗಿ, ಹಿಗ್ಗಿಸುವ ಕೆಲಸ ಪರಿಪೂರ್ಣವಾಯಿತು ಎಂದೇ ಇಟ್ಟುಕೊಂಡರೂ ಭಾರತೀಯ ಸಂಗೀತದ ವಿದ್ಯಾರ್ಥಿಗೆ ಒಂದು ತೊಡಕು ಉಳಿಯುತ್ತದೆ. ಅದು ಸಾಫ್ಟ್‌ವೇರಿನ ತಪ್ಪಲ್ಲ, ಕಿವಿಯ ಸ್ವಭಾವ. ಕರ್ನಾಟಕ ಸಂಗೀತದ ತೋಡಿ ರಾಗದ ಗಾಂಧಾರವನ್ನು ಯಾರೂ ಒಂದು ಜಾಗದಲ್ಲಿ ನಿಲ್ಲಿಸಿ ಹಾಡುವುದಿಲ್ಲ. ದನಿ ರಿಷಭ ಮಧ್ಯಮಗಳ ನಡುವೆ ತೂಗುತ್ತಿರುತ್ತದೆ, ಆ ತೂಗಾಟ ಸೆಕೆಂಡಿಗೆ ಕೆಲವು ಬಾರಿ ನಡೆಯುವಾಗ ಕಿವಿ ಅದನ್ನೆಲ್ಲ ಕೂಡಿಸಿ ಗಾಂಧಾರ ಎಂದು ಗುರುತಿಸುತ್ತದೆ. ಅದೇ ತೂಗಾಟವನ್ನು ಮೂರು ಪಟ್ಟು ನಿಧಾನ ಮಾಡಿದಾಗ ಕಿವಿಗೆ ಅದನ್ನು ಕೂಡಿಸಲಾಗುವುದಿಲ್ಲ. ಕೇಳುವುದು ರಿಷಭ, ಒಂದು ಜಾರು, ಮಧ್ಯಮ, ಇನ್ನೊಂದು ಜಾರು. ಶ್ರುತಿಪೆಟ್ಟಿಗೆಯ ಜೊತೆ ಇಟ್ಟು ಪರೀಕ್ಷಿಸಿದರೆ ಒಂದು ಕೂದಲೆಳೆಯೂ ಆಚೀಚೆ ಆಗಿಲ್ಲ, ಆದರೆ ಗಾಂಧಾರ ಎಲ್ಲೂ ಇಲ್ಲ. ಕಂಪನ ಸಂಖ್ಯೆಯನ್ನು ಸಾಫ್ಟ್‌ವೇರ್ ಕಾಪಾಡಬಲ್ಲದು. ಸ್ವರ ಎಂಬುದು ಕಂಪನ ಸಂಖ್ಯೆಯೂ ಕಾಲವೂ ಕೂಡಿ ಆದದ್ದು, ಕಾಲ ಬದಲಾದರೆ ಅದೂ ಬದಲಾಗುತ್ತದೆ.

ಆದ್ದರಿಂದ ಗುರು ನಿಧಾನವಾಗಿ ಹಾಡಿ ತೋರಿಸುವುದೂ ಸಾಫ್ಟ್‌ವೇರ್ ನಿಧಾನ ಮಾಡುವುದೂ ಒಂದೇ ಅಲ್ಲ. ವರ್ಣವನ್ನು ಎರಡು ಕಾಲದಲ್ಲಿ ಹಾಡುವವರಿಗೆ ಇದು ಅನುಭವದಿಂದ ಗೊತ್ತು. ಮೊದಲ ಕಾಲದಲ್ಲಿ ಒಂದು ಸ್ವರದ ಮೇಲೆ ಬರುವ ತೂಗಾಟಗಳೆಲ್ಲ ಎರಡನೇ ಕಾಲದಲ್ಲಿ ಹಿಡಿಸುವುದಿಲ್ಲ. ಕೆಲವು ಬಿದ್ದುಹೋಗುತ್ತವೆ, ಕೆಲವು ಒಂದೇ ಸೆಳೆತವಾಗಿ ಗಿಡ್ಡವಾಗುತ್ತವೆ. ಗುರು ವೇಗ ಇಳಿಸಿದಾಗ ಗಮಕವನ್ನು ಆ ಕಾಲಕ್ಕೆ ತಕ್ಕಂತೆ ಹೊಸದಾಗಿ ಕಟ್ಟಿಕೊಡುತ್ತಾರೆ. ಸಾಫ್ಟ್‌ವೇರ್ ಎರಡನೇ ಕಾಲದ ಗಮಕವನ್ನೇ ಎಳೆದು ಮೊದಲ ಕಾಲದ ಉದ್ದಕ್ಕೆ ತರುತ್ತದೆ, ಹಾಗೆ ಯಾವ ಗಾಯಕರೂ ಹಾಡುವುದಿಲ್ಲ. ವೀಣೆಯಲ್ಲಿ ಇದು ಇನ್ನೊಂದು ರೂಪದಲ್ಲಿ ಕಾಣುತ್ತದೆ. ದೊರೆಸ್ವಾಮಿ ಅಯ್ಯಂಗಾರ್ ಅವರ ಮುದ್ರಿಕೆಯನ್ನು ಅರ್ಧ ವೇಗದಲ್ಲಿ ಕೇಳಿದರೆ ಪ್ರತಿ ಮೀಟಿನ ನಾದವೂ ಎರಡು ಪಟ್ಟು ಹೊತ್ತು ಉಳಿಯುತ್ತದೆ. ಅದನ್ನು ಅನುಕರಿಸಲು ಹೊರಟ ವಿದ್ಯಾರ್ಥಿಯ ವೀಣೆಯ ತಂತಿ ಅಷ್ಟು ಹೊತ್ತು ಮೊಳಗುವುದಿಲ್ಲ. ಗಾಯನದಲ್ಲಿ ಒಂದು ಉಸಿರಿನಲ್ಲಿ ಮುಗಿದ ಸಾಲು ಎರಡು ಉಸಿರು ಬೇಡುತ್ತದೆ, ಎಲ್ಲಿ ಉಸಿರು ಬಿಡಬೇಕು ಎಂಬುದು ಮುದ್ರಿಕೆಯಲ್ಲಿಲ್ಲ.

ಇಷ್ಟಾದರೂ ನಿಧಾನ ಕೇಳ್ಮೆಯಿಂದ ಸಿಗುವುದು ಬೇರೆ ಯಾವುದರಿಂದಲೂ ಸಿಗದು. ವೇಗದ ಬಿರ್ಕಾದಲ್ಲಿ ಯಾವ ಸ್ವರ ಮುಟ್ಟಿ ಯಾವುದನ್ನು ಹಾರಿಸಿದ್ದಾರೆ, ಸಾಹಿತ್ಯದ ಅಕ್ಷರ ತಾಳದ ಎಡುಪಿಗೆ ಸರಿಯಾಗಿ ಬಿದ್ದಿದೆಯೋ ತುಸು ಹಿಂದೆ ನಿಂತಿದೆಯೋ, ಜಾರು ಮೇಲಿಂದ ಶುರುವಾಯಿತೋ ಕೆಳಗಿಂದಲೋ ಎಂಬಂಥ ಪ್ರಶ್ನೆಗಳಿಗೆ ಅದು ಖಚಿತ ಉತ್ತರ ಕೊಡುತ್ತದೆ. ಸಂಗತಿಯನ್ನು ಮೊದಲು ಮೂಲ ವೇಗದಲ್ಲಿ ಹಲವು ಸಲ ಕೇಳಿ, ಎಡವಿದ ಜಾಗವನ್ನಷ್ಟೇ ನಿಧಾನ ಮಾಡಿ ನೋಡಿ, ತಿಳಿದ ಕೂಡಲೇ ಮೂಲ ವೇಗಕ್ಕೆ ಮರಳುವುದು ಕ್ಷೇಮ. ನಿಧಾನದ ರೂಪವನ್ನೇ ಗಂಟಲಿಗೆ ಕೂರಿಸಿಕೊಂಡವರಿಗೆ ವೇಗ ಏರಿಸುವಾಗ ಗಮಕ ಭಾರವಾಗುತ್ತದೆ.

ಬೇರ್ಪಡಿಸಬಾರದ ಸಂದರ್ಭ

ಹಳೆಯ ಮುದ್ರಿಕೆಗಳಲ್ಲಿ ವೇಗ ಮತ್ತು ಶ್ರುತಿಯ ನಂಟನ್ನು ಬಿಡಿಸುವುದೇ ತಪ್ಪಾಗುವ ಸಂದರ್ಭವಿದೆ. ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಾರಿಕೆ ಮುದ್ರಿಸಿದಾಗ ಶುರುವಾದ ಭಾರತದ ಗ್ರಾಮಫೋನ್ ಯುಗದಲ್ಲಿ, ತಟ್ಟೆಯ ವೇಗ ನಿಮಿಷಕ್ಕೆ 78 ಸುತ್ತು ಎಂದು ಇನ್ನೂ ಗಟ್ಟಿಯಾಗಿರಲಿಲ್ಲ. ಮುದ್ರಣದಿಂದ ಮುದ್ರಣಕ್ಕೆ ಅದು ಬದಲಾಗುತ್ತಿತ್ತು. ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಯ ಆಸ್ಥಾನಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರಂಥವರ ನಿಜವಾದ ಶ್ರುತಿ ಯಾವುದು ಎಂದು ಹೇಳಬೇಕಾದರೆ ತಟ್ಟೆ ಯಾವ ವೇಗದಲ್ಲಿ ಮುದ್ರಣವಾಯಿತು ಎಂದು ಮೊದಲು ತಿಳಿಯಬೇಕು. 75 ಸುತ್ತಿನಲ್ಲಿ ಮುದ್ರಿಸಿದ್ದನ್ನು 78ರಲ್ಲಿ ನುಡಿಸಿದರೆ ದನಿ ಒಂದು ಸ್ವರಸ್ಥಾನದ ಮೂರರಲ್ಲಿ ಎರಡು ಪಾಲಿನಷ್ಟು ಏರಿ, ತೆಳುವಾಗಿ, ತಾನುಗಳು ಇದ್ದದ್ದಕ್ಕಿಂತ ಚುರುಕಾಗಿ ಕೇಳುತ್ತವೆ. ಜೊತೆಗಿರುವ ಹಾರ್ಮೋನಿಯಂ ಒಂದು ಸುಳಿವು ಕೊಡಬಹುದು, ಆದರೆ ಎಲ್ಲ ಹಾರ್ಮೋನಿಯಂಗಳೂ ಒಂದೇ ಅಳತೆಗೆ ಕೂಡಿಸಿದವಲ್ಲ. ಟಿವಿಯಿಂದ ಇಳಿಸಿಕೊಂಡ ಸಿನಿಮಾ ಹಾಡುಗಳಲ್ಲೂ ಇದೇ ಸಂಗತಿ. ಸೆಕೆಂಡಿಗೆ 24 ಚಿತ್ರಗಳ ಸಿನಿಮಾವನ್ನು ಭಾರತವೂ ಅನುಸರಿಸಿದ ಪಾಲ್ ಎಂಬ ಟಿವಿ ಪದ್ಧತಿಯಲ್ಲಿ 25 ಚಿತ್ರಗಳಂತೆ ಓಡಿಸಿದಾಗ ವೇಗ ಶೇ 4ರಷ್ಟು ಹೆಚ್ಚುತ್ತದೆ, ಸರಿಪಡಿಸದಿದ್ದರೆ ಹಾಡಿನ ಶ್ರುತಿಯೂ ಸ್ವರಸ್ಥಾನದ ಶೇ 70ರಷ್ಟು ಮೇಲೇರುತ್ತದೆ.

ಇಂಥ ಮುದ್ರಿಕೆಯನ್ನು ಶ್ರುತಿ ಕಾಪಾಡುವ ಸಾಫ್ಟ್‌ವೇರಿನಲ್ಲಿ ನೇರವಾಗಿ ನಿಧಾನ ಮಾಡಿದರೆ ತಪ್ಪಾದ ಶ್ರುತಿಯೇ ಭದ್ರವಾಗಿ ಉಳಿಯುತ್ತದೆ. ಮೊದಲು ವೇಗವನ್ನೂ ಶ್ರುತಿಯನ್ನೂ ಒಟ್ಟಿಗೇ ಸರಿಸಿ ಮೂಲದ ಜಾಗಕ್ಕೆ ತರಬೇಕು, ಆಮೇಲೆ ಮಾತ್ರ ಎರಡನ್ನೂ ಬೇರ್ಪಡಿಸಿ ನಿಧಾನ ಮಾಡಬೇಕು. ಆಡಾಸಿಟಿಯ ಪಟ್ಟಿಯಲ್ಲಿ ಇವಕ್ಕೆ ಬೇರೆ ಬೇರೆ ಆಯ್ಕೆಗಳಿವೆ: ಒಂದು ವೇಗ ಶ್ರುತಿ ಎರಡನ್ನೂ ಬದಲಿಸುತ್ತದೆ, ಇನ್ನೊಂದು ಗತಿಯನ್ನಷ್ಟೇ, ಮತ್ತೊಂದು ಶ್ರುತಿಯನ್ನಷ್ಟೇ.